ಗಾಜಿನ ತೊಟ್ಟಿಯ ಪಾಚಿ: ಎರಡು ಕುಳಿ, ಒಂದು ಗೋಲಿ

ಹಾಸನದಲ್ಲಿರುವ ತಮ್ಮನ ಮಗ ಬೇಸಿಗೆ ರಜೆಯಲ್ಲಿ ಒಂದು ಫೋಟೊ ಕಳಿಸಿದ್ದ. ಎರಡಡಿಯ ಮೀನಿನ ತೊಟ್ಟಿ. ಎದುರಿನ ಗಾಜಿನ ತುಂಬ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕಿ, ಗಿಡಗಳ ಮೇಲೆ ಎಳೆ ಎಳೆಯಾಗಿ ಆಡುವ ಹಸಿರು ಕೂದಲು, ಮರದ ತುಂಡಿನ ಅಂಚಿಗೆ ಕಪ್ಪು ಕುಚ್ಚು. ಮೀನುಗಳನ್ನು ಹುಡುಕಿ ನೋಡಬೇಕಿತ್ತು. ಕೆಳಗೆ ಒಂದೇ ಸಾಲು: ‘ದೊಡ್ಡಪ್ಪಾ, ಇದಕ್ಕೆ ಏನ್ ಔಷಧಿ ಹಾಕ್ಬೇಕು?’

ಗಿಡ ನೆಟ್ಟ ತೊಟ್ಟಿಗಳನ್ನು ಹದಿನೈದು ವರ್ಷದಿಂದ ನೋಡಿಕೊಂಡು ಬಂದಿದ್ದೇನೆ. ಈ ಪ್ರಶ್ನೆಯನ್ನು ಮೊದಲು ನಾನೇ ಬೇರೆಯವರಿಗೆ ಕೇಳುತ್ತಿದ್ದೆ, ಈಗ ಬೇರೆಯವರು ನನಗೆ ಕೇಳುತ್ತಾರೆ. ಔಷಧಿಯ ಬಾಟಲಿ ಅಂಗಡಿಯಲ್ಲಿ ಸಿಗುತ್ತದೆ. ಸುರಿದರೆ ಪಾಚಿ ಸಾಯುತ್ತದೆ, ಮೂರು ವಾರಕ್ಕೆ ಮರಳಿ ಬರುತ್ತದೆ. ಯಾಕೆ ಮರಳುತ್ತದೆ ಎನ್ನುವುದು ತಿಳಿದರೆ ಮಿಕ್ಕ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ. ಅದಕ್ಕಾಗಿ ಕೆನಡಾದ ಒಂದು ಸರೋವರದವರೆಗೆ ಹೋಗಿಬರಬೇಕು.

ಮೊದಲು ಫೋಟೊದಲ್ಲಿದ್ದದ್ದು ಏನು ಎಂದು ನೋಡೋಣ. ನಾವು ಪಾಚಿ ಎಂದು ಒಂದೇ ಹೆಸರು ಹೇಳಿದರೂ ತೊಟ್ಟಿಯಲ್ಲಿ ಬರುವವು ಒಂದೇ ಕುಲದವಲ್ಲ. ಹಸಿರು ಚುಕ್ಕಿ, ಹಸಿರು ಕೂದಲು ಎರಡೂ ನಿಜವಾದ ಹಸಿರು ಪಾಚಿಗಳು, ಗಿಡಗಳ ದೂರದ ದಾಯಾದಿಗಳು. ಕಪ್ಪು ಕುಚ್ಚು, ಹವ್ಯಾಸಿಗಳ ಬಾಯಲ್ಲಿ ‘ಬಿಬಿಎ’ (ಬ್ಲ್ಯಾಕ್ ಬಿಯರ್ಡ್ ಆಲ್ಗೆ), ನೋಡಲು ಕಪ್ಪಾದರೂ ಕೆಂಪು ಪಾಚಿಗಳ ಬಳಗಕ್ಕೆ ಸೇರಿದ್ದು. ಹೊಸ ತೊಟ್ಟಿಯಲ್ಲಿ ಮೊದಲ ತಿಂಗಳು ಎಲೆ, ಮರಳು, ಗಾಜು ಎಲ್ಲದರ ಮೇಲೂ ಕೂರುವ ಕಂದು ಪುಡಿ ಡಯಾಟಮ್. ಸಿಲಿಕದಿಂದ ತನಗೊಂದು ಚಿಪ್ಪು ಕಟ್ಟಿಕೊಳ್ಳುವ ಜೀವಿ ಅದು. ಬೆರಳಾಡಿಸಿದರೆ ಹೋಗುತ್ತದೆ, ತೊಟ್ಟಿ ಹಳತಾದಂತೆ ತಾನೇ ಕಾಣೆಯಾಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇನ್ನು ಮರಳಿನ ಮೇಲೆ ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಏಳುವ, ಕೊಳೆತ ಕೆಸರಿನ ನಾತ ಬರುವ ನೀಲಿ-ಹಸಿರು ಪಾಚಿ ಇದೆಯಲ್ಲ, ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ.

ಎಲ್ಲರೂ ಮೊದಲು ಹಾಕುವ ಲೆಕ್ಕ ಹೀಗಿರುತ್ತದೆ: ಪಾಚಿಗೆ ಬೇಕಾದದ್ದು ಬೆಳಕು ಮತ್ತು ಗೊಬ್ಬರ. ಬೆಳಕು ಗಿಡಕ್ಕೂ ಬೇಕು, ಆದ್ದರಿಂದ ಗೊಬ್ಬರ ನಿಲ್ಲಿಸೋಣ. ಈ ಲೆಕ್ಕಕ್ಕೆ ವಿಜ್ಞಾನದ ಬೆಂಬಲವೂ ಇದ್ದಂತೆ ಕಾಣುತ್ತದೆ. 1973ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು ‘226’ ಎಂಬ ಸಂಖ್ಯೆಯ ಪುಟ್ಟ ಸರೋವರವೊಂದನ್ನು ಅದರ ಸಣ್ಣ ನಡುವಿನಲ್ಲಿ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡೂ ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಒಂದು ಪಾಲಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ದಟ್ಟ ಹಸಿರಾಯಿತು, ಇನ್ನೊಂದು ತಿಳಿಯಾಗೇ ಉಳಿಯಿತು. ವಿಮಾನದಿಂದ ತೆಗೆದ ಆ ಚಿತ್ರ ಜಗತ್ಪ್ರಸಿದ್ಧವಾಯಿತು, ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ (ರಂಜಕದ ಲವಣ) ಕಡಿಮೆ ಮಾಡಬೇಕೆಂಬ ವಾದಕ್ಕೆ ಬಲ ಕೊಟ್ಟಿತು. ಕೊಳಚೆ ಸೇರುವ ನಮ್ಮ ಬೆಂಗಳೂರಿನ ಕೆರೆಗಳ ಕಥೆಯಲ್ಲೂ ರಂಜಕದ ಪಾತ್ರ ದೊಡ್ಡದೇ.

ಅಕ್ವೇರಿಯಂ ಲೋಕ ಇದನ್ನೇ ನಂಬಿತು. 1990ರ ದಶಕದಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಎಂಬ ಇಬ್ಬರು ಹವ್ಯಾಸಿಗಳು, ಗಿಡಕ್ಕೆ ಬೇರೆಲ್ಲ ಪೋಷಕಾಂಶ ಕೊಟ್ಟು ಫಾಸ್ಫೇಟ್ ಒಂದನ್ನು ಬಿಗಿಹಿಡಿದರೆ ಪಾಚಿ ನಿಲ್ಲುತ್ತದೆ ಎಂದು ವಾದಿಸಿದರು. ಆಮೇಲೆ ಅಮೆರಿಕದ ಟಾಮ್ ಬಾರ್ ಇದಕ್ಕೆ ತದ್ವಿರುದ್ಧ ಮಾಡಿದರು. ಗಿಡ ತುಂಬಿದ ತೊಟ್ಟಿಗೆ ಬೇಕೆಂದೇ ಫಾಸ್ಫೇಟ್ ಸುರಿದರು. ಪಾಚಿ ಬರಲಿಲ್ಲ, ಗಿಡಗಳು ಇನ್ನಷ್ಟು ಜೋರಾಗಿ ಬೆಳೆದವು. ಅವರ ಪದ್ಧತಿಯಲ್ಲಿ ನೀರಿನ ಪ್ರತಿ ಲೀಟರಿಗೆ ನೈಟ್ರೇಟ್ (ಸಾರಜನಕದ ಲವಣ) 10ರಿಂದ 30 ಮಿಲಿಗ್ರಾಂ, ಫಾಸ್ಫೇಟ್ 1ರಿಂದ 3 ಮಿಲಿಗ್ರಾಂ ಇಟ್ಟು, ವಾರಕ್ಕೊಮ್ಮೆ ಅರ್ಧ ನೀರು ಬದಲಿಸುತ್ತಾರೆ. ಸರೋವರವೊಂದರಲ್ಲಿ ಇಷ್ಟು ಫಾಸ್ಫೇಟ್ ಇದ್ದರೆ ತಜ್ಞರು ಕೈಚೆಲ್ಲುತ್ತಾರೆ. ಇಲ್ಲಿ ಎಲೆಗಳು ತೊಳೆದಿಟ್ಟ ವೀಳ್ಯದೆಲೆಯಂತೆ ಹೊಳೆಯುತ್ತಿರುತ್ತವೆ.

ಹಾಗಾದರೆ ಶಿಂಡ್ಲರ್ ತಪ್ಪೇ? ಅಲ್ಲ. ಗಂಟು ಬಿಚ್ಚಿದ್ದು ಆಳವಿಲ್ಲದ ಕೆರೆಗಳನ್ನು ನೋಡಿದವರು. ನೆದರ್ಲೆಂಡ್ಸ್‌ನ ಮಾರ್ಟನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಒಂದು ವಿಚಾರ ಮುಂದಿಟ್ಟರು: ಬೆಳಕು ತಳ ಮುಟ್ಟುವಷ್ಟು ಆಳ ಕಡಿಮೆಯಿರುವ ಕೆರೆಯಲ್ಲಿ, ಅದೇ ನೀರು, ಅದೇ ಪೋಷಕಾಂಶ ಇಟ್ಟುಕೊಂಡೇ ಎರಡು ಸ್ಥಿತಿ ಸಾಧ್ಯ. ಒಂದು, ಗಿಡ ತುಂಬಿದ ತಿಳಿನೀರು. ಇನ್ನೊಂದು, ಗಿಡವಿಲ್ಲದ ಹಸಿರು ನೀರು. ಎರಡೂ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ಗಿಡಗಳಿದ್ದರೆ ಅವು ಪೋಷಕಾಂಶ ಹೀರಿ, ಕೆಸರು ಏಳದಂತೆ ಹಿಡಿದು, ನೀರನ್ನು ತಿಳಿಯಾಗಿಡುತ್ತವೆ. ತಿಳಿನೀರಿನಲ್ಲಿ ಬೆಳಕು ಇಳಿದು ಗಿಡ ಇನ್ನಷ್ಟು ಬೆಳೆಯುತ್ತದೆ. ಪಾಚಿ ಗೆದ್ದರೆ ನೀರು ಮಬ್ಬಾಗಿ ಗಿಡಕ್ಕೆ ಬೆಳಕಿಲ್ಲ. ಗಿಡ ಸತ್ತರೆ ಕೊಳೆತದ್ದೂ ಪಾಚಿಗೇ ಊಟ.

ಗೋಲಿ ಆಡುವ ಅಂಗಳದಲ್ಲಿ ಎರಡು ಕುಳಿ ಇವೆ ಎಂದುಕೊಳ್ಳಿ. ಗೋಲಿ ಯಾವುದಾದರೂ ಒಂದರಲ್ಲಿ ಕೂರುತ್ತದೆ. ಸ್ವಲ್ಪ ತಳ್ಳಿದರೆ ಅಲ್ಲೇ ಅಲ್ಲಾಡಿ ಮತ್ತೆ ತಳಕ್ಕೆ ಬರುತ್ತದೆ. ಇನ್ನೊಂದು ಕುಳಿಗೆ ಹೋಗಬೇಕಾದರೆ ನಡುವಿನ ದಿಬ್ಬ ದಾಟುವಷ್ಟು ಬಲವಾಗಿ ತಳ್ಳಬೇಕು. ನೆದರ್ಲೆಂಡ್ಸ್‌ನ ವೇಲುವೆ ಸರೋವರದಲ್ಲಿ 1960ರ ದಶಕದ ಕೊನೆಯಲ್ಲಿ ಗಿಡಗಳು ಕುಸಿದವು. ಅವು ಮರಳಿ ಬಂದದ್ದು 1990ರ ದಶಕದಲ್ಲಿ, ಅದೂ ಕುಸಿದಾಗ ಇದ್ದ ಮಟ್ಟಕ್ಕಿಂತಲೂ ರಂಜಕವನ್ನು ಸಾಕಷ್ಟು ಕೆಳಗೆ ತಂದ ಮೇಲೆ.

ನಿಮ್ಮ ಮನೆಯ ತೊಟ್ಟಿಯೂ ಆಳವಿಲ್ಲದ ಒಂದು ಕೆರೆ. ಔಷಧಿ ಸುರಿದಾಗ ಆಗುವುದೆಂದರೆ ಪಾಚಿಯ ಕುಳಿಯಲ್ಲಿ ಕೂತ ಗೋಲಿ ಒಮ್ಮೆ ಅಲ್ಲಾಡುವುದು, ಅಷ್ಟೆ. ಕುಳಿ ಬದಲಾಗಿರುವುದಿಲ್ಲ. ಪಾಚಿಯನ್ನು ಹಸಿವಿನಿಂದ ಸಾಯಿಸುವ ಯೋಚನೆಯೂ ಇಲ್ಲೇ ಸೋಲುತ್ತದೆ. ಪಾಚಿ ಬರೀ ಒಂದೆರಡು ಕೋಶದ ದಪ್ಪದ ಜೀವಿ, ಮೈಯೆಲ್ಲ ಬಾಯಿ. ಪೋಷಕಾಂಶ ತೀರಾ ಕಡಿಮೆಯಿರುವ ನೀರಿನಿಂದಲೂ ತನಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ. ಕಾಂಡ, ಬೇರು, ಎಲೆ ಎಲ್ಲ ಸಾಕಬೇಕಾದ ಗಿಡಕ್ಕೆ ಅಷ್ಟು ಸಾಲದು. ಗೊಬ್ಬರ ನಿಲ್ಲಿಸಿದರೆ ಉಪವಾಸ ಬೀಳುವುದು ಮೊದಲು ಗಿಡವೇ. ಸೊರಗಿದ ಎಲೆ ಸೋರುವ ಎಲೆ: ತನ್ನೊಳಗಿನದನ್ನು ನೀರಿಗೆ ಬಿಟ್ಟುಕೊಡುತ್ತದೆ, ಪಾಚಿ ಅಲ್ಲೇ ಬೇರೂರುತ್ತದೆ. ಒಂದು ಗಿಡವನ್ನು ಹತ್ತಿರದಿಂದ ನೋಡಿ. ತುದಿಯ ನಾಲ್ಕು ಎಲೆ ನುಣ್ಣಗೆ ಹೊಳೆಯುತ್ತಿರುತ್ತವೆ, ಬುಡದ ಹಳದಿ ತಿರುಗಿದ ಎಲೆಯ ಅಂಚಿಗೆ ಮಾತ್ರ ಪಾಚಿ ಅಂಟಿರುತ್ತದೆ. ಎರಡಕ್ಕೂ ನೀರು ಅದೇ, ನಡುವೆ ಇರುವುದು ಒಂದು ಗೇಣು ಅಂತರ. ನೀರಿನ ಪರೀಕ್ಷೆಗಿಂತ ಮೊದಲು ನಾನು ನೋಡುವುದು ಇದನ್ನೇ.

ಹುಡುಗನಿಗೆ ಫೋನ್ ಮಾಡಿದೆ. ‘ಲೈಟ್ ಎಷ್ಟೊತ್ತು ಉರಿಯುತ್ತೆ?’

‘ಬೆಳಿಗ್ಗೆ ಏಳಕ್ಕೆ ಹಾಕ್ತೀನಿ ದೊಡ್ಡಪ್ಪ. ಅಪ್ಪ ಊಟ ಆದ್ಮೇಲೆ ಅದರ ಮುಂದೇನೇ ಕೂತ್ಕೋತಾರೆ, ಹತ್ತು ಗಂಟೆಗೆ ಆಫ್ ಮಾಡ್ತೀವಿ.’

ಹದಿನೈದು ಗಂಟೆ. ಅದರ ಮೇಲೆ ಪೂರ್ವದ ಕಿಟಕಿಯಿಂದ ಎಳೆಬಿಸಿಲು. ಗಿಡ ಎಷ್ಟಿದೆ ಎಂದರೆ ಮರದ ತುಂಡಿಗೆ ಕಟ್ಟಿದ ಒಂದು ಅನುಬಿಯಾಸ್, ಒಂದು ಅಮೆಜಾನ್ ಸ್ವೋರ್ಡ್, ನಾಲ್ಕೈದು ಎಸಳು ವ್ಯಾಲಿಸ್ನೇರಿಯಾ. ಅನುಬಿಯಾಸ್ ತೀರಾ ನಿಧಾನದ್ದು, ಮಿಕ್ಕವೂ ಬೆರಳೆಣಿಕೆಯಷ್ಟೆ. ಮೀನಿಗೆ ಊಟ ಹಾಕುವವರು ಮನೆಯಲ್ಲಿ ಮೂವರು, ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲೋ ಒಂದು ಬಾಟಲಿ ಪಾಚಿನಾಶಕ ತಂದು ಆಗಲೇ ಸುರಿದೂ ಆಗಿತ್ತು. ಮರುದಿನ ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವಂತೆ. ಒಟ್ಟಿಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಆಗ ಹೀಗಾಗುತ್ತದೆ. ಇಂಥ ಬಾಟಲಿಗಳಲ್ಲಿ ಕೆಲವಕ್ಕೆ ತಾಮ್ರ ಸೇರಿರುತ್ತದೆ, ಸೀಗಡಿಗೆ ಅದು ವಿಷ.

ಬೆಳಕಿನ ವಿಷಯ ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಹತ್ತರಲ್ಲಿ ಎಂಟು ತೊಟ್ಟಿಗಳು ಹಾಳಾಗುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಅನ್ನಕ್ಕಿಟ್ಟ ಪಾತ್ರೆಯಲ್ಲಿ ನೀರು ಕಡಿಮೆಯಿದ್ದು ಉರಿ ಜೋರಾದರೆ ಅಡಿ ಹಿಡಿಯುತ್ತದೆ. ಗಿಡಕ್ಕೆ ಬೆಳಕೇ ಉರಿ. ಪಾತ್ರೆಯೊಳಗಿನ ನೀರು ಎಂದರೆ ಇಂಗಾಲದ ಡೈಆಕ್ಸೈಡ್, ಹವ್ಯಾಸಿಗಳ ಮಾತಿನಲ್ಲಿ ಸಿಓಟು. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಮಿಗೂ ಕಡಿಮೆ. ಸಾಲದ್ದಕ್ಕೆ ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಎಲೆಯ ಸುತ್ತಲಿನದು ಮುಗಿದರೆ ಮತ್ತೆ ಬರಲು ಹೊತ್ತು ಬೇಕು. ಬೆಳಕು ಮಾತ್ರ ‘ಬೆಳೆ, ಬೆಳೆ’ ಎಂದು ಒತ್ತಾಯಿಸುತ್ತಲೇ ಇರುತ್ತದೆ. ಗಿಡ ಸೊರಗುತ್ತದೆ, ಪಾಚಿಗೆ ಅಷ್ಟೇ ಸಾಕಾಗುತ್ತದೆ.

ಸಿಲಿಂಡರ್ ಇಟ್ಟು ಅನಿಲ ಬಿಡುವವರು ಲೀಟರಿಗೆ 20ರಿಂದ 30 ಮಿಲಿಗ್ರಾಂ ತಲುಪಲು ನೋಡುತ್ತಾರೆ. ಅದಕ್ಕೂ ಮೇಲೆ ಹೋದರೆ ಮೀನು ಏದುಸಿರು ಬಿಡುತ್ತದೆ. ಬಣ್ಣ ಬದಲಿಸುವ ದ್ರಾವಣದ ಪುಟ್ಟ ಗಾಜಿನ ಬುರುಡೆಯನ್ನು ತೊಟ್ಟಿಯೊಳಗೆ ತೂಗುಹಾಕಿದರೆ ಅದು ನೀಲಿಯಿದ್ದಾಗ ಕಡಿಮೆ, ಹಸಿರಾದಾಗ ಸರಿ, ಹಳದಿಯಾದಾಗ ಜಾಸ್ತಿ. ದೀಪ ಹತ್ತುವುದಕ್ಕೆ ಒಂದೆರಡು ಗಂಟೆ ಮೊದಲೇ ಅನಿಲ ಶುರುವಾಗಿರಬೇಕು. ಸಕ್ಕರೆ-ಈಸ್ಟ್ ಹುದುಗಿಸಿ ಅನಿಲ ಬಿಡುವ ಬಾಟಲಿ ಕಟ್ಟುವವರ ತೊಟ್ಟಿಯಲ್ಲಿ ಕಪ್ಪು ಕುಚ್ಚು ಹೆಚ್ಚು ಕಾಣಲು ಕಾರಣ ಅದರ ಏರಿಳಿತ. ಮೊದಲ ವಾರ ಉಕ್ಕಿ ಬರುತ್ತದೆ, ಮೂರನೆಯ ವಾರ ಸೊರಗುತ್ತದೆ. ಈ ಪಾಚಿ ಏರುಪೇರಿನ ಕೂಸು. ನಿಂಬೆ ಉಪ್ಪು ಮತ್ತು ಅಡುಗೆ ಸೋಡದ ಕಿಟ್‌ಗೆ ಕವಾಟ ಇರುವುದರಿಂದ ಅದು ಈಸ್ಟ್‌ಗಿಂತ ವಾಸಿ.

ಹುಡುಗನಿಗೆ ನಾನು ಇದ್ಯಾವುದನ್ನೂ ಕೊಳ್ಳಲು ಹೇಳಲಿಲ್ಲ. ಅನಿಲ ಹೆಚ್ಚಿಸಲಾಗದಿದ್ದರೆ ಉರಿ ಇಳಿಸಬೇಕು. ದಿನಕ್ಕೆ ಒಟ್ಟು ಏಳು ಗಂಟೆ ಸಾಕು. ಹಾಗಾದರೆ ಅಪ್ಪನ ಊಟದ ನಂತರದ ಹೊತ್ತು? ಅದಕ್ಕೂ ದಾರಿಯಿದೆ. ಅನಿಲ ಹಾಕದೆ ಮಣ್ಣಿನ ಮೇಲೆ ಗಿಡ ಬೆಳೆಸುವ ಪದ್ಧತಿಗೆ ಹೆಸರಾದ ಅಮೆರಿಕದ ಡಯಾನಾ ವಾಲ್‌ಸ್ಟಾಡ್, ಬೆಳಕಿನ ನಡುವೆ ನಾಲ್ಕಾರು ಗಂಟೆ ಬಿಡುವು ಕೊಡುವುದನ್ನು ಪ್ರಚಾರಕ್ಕೆ ತಂದರು. ಮೀನಿನ ಉಸಿರು, ಮಣ್ಣಿನಲ್ಲಿ ಕೊಳೆಯುವುದರಿಂದ ಹುಟ್ಟುವ ಅನಿಲ ಆ ಬಿಡುವಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಸಂಜೆ ಆರರಿಂದ ಹತ್ತು. ತಮ್ಮನ ಕುರ್ಚಿ ಅಲ್ಲೇ ಉಳಿಯಿತು. ಕಿಟಕಿಗೆ ದಪ್ಪ ಪರದೆ ಬಂತು.

ಟೈಮರ್ ಬಗ್ಗೆ ಒಂದು ಮಾತು, ನಮ್ಮ ಊರುಗಳಲ್ಲಿ ಇದು ಮುಖ್ಯ. ಹಲ್ಲುಗಾಲಿಯ ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ದಿನಕ್ಕೆರಡು ಗಂಟೆ ವಿದ್ಯುತ್ ಕಡಿತವಾದರೆ ವಾರಕ್ಕೆ ಹದಿನಾಲ್ಕು ಗಂಟೆ ಹಿಂದೆ. ದೀಪ ಮಧ್ಯರಾತ್ರಿ ಹತ್ತುತ್ತಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದುಕೊಳ್ಳಿ.

ಬೆಳಕು ಇಳಿಸುವುದು ತಳ್ಳುವ ಕೆಲಸದ ಅರ್ಧ. ಇನ್ನರ್ಧ ಗಿಡವನ್ನು ಹೆಚ್ಚಿಸುವುದು, ಅದೂ ಹೊಟ್ಟೆಬಾಕ ಗಿಡಗಳನ್ನು. ಗೆಳೆಯನ ತೊಟ್ಟಿಯಿಂದ ಎರಡು ಹಿಡಿ ಹಾರ್ನ್‌ವರ್ಟ್, ಒಂದಿಷ್ಟು ಹೈಗ್ರೊಫಿಲಾ ತರಿಸಿದೆ. ಮೇಲೆ ತೇಲಲು ಅಂತರಗಂಗೆ. ಇದರ ಎಲೆ ಗಾಳಿಯಲ್ಲಿರುವುದರಿಂದ ಸಿಓಟು ಕೊರತೆಯೇ ಇಲ್ಲ. ಬೇರು ನೀರಿನಲ್ಲಿ ಜೋಲಾಡುತ್ತ ನೈಟ್ರೇಟ್ ಎಳೆದುಕೊಳ್ಳುತ್ತದೆ, ಜೊತೆಗೆ ನೆರಳು ಕೊಡುತ್ತದೆ. ಹೆಚ್ಚಾದದ್ದನ್ನು ಹೂಕುಂಡದ ಗೊಬ್ಬರ ಮಾಡಿ, ದಯವಿಟ್ಟು ಕೆರೆಗೆ ಎಸೆಯಬೇಡಿ. ತೊಟ್ಟಿಯ ಅಂಚಿನಿಂದ ಮನಿ ಪ್ಲಾಂಟಿನ ಬೇರು ಇಳಿಬಿಟ್ಟರೂ ಇದೇ ಕೆಲಸ ಆಗುತ್ತದೆ. ಅಂದಹಾಗೆ ಜಗತ್ತಿನ ಅಕ್ವೇರಿಯಂಗಳಲ್ಲಿ ಬೆಳೆಯುವ ಎಷ್ಟೋ ಗಿಡಗಳ ತವರು ನಮ್ಮ ಪಶ್ಚಿಮ ಘಟ್ಟ: ರೊಟಾಲಾದ ಹಲವು ಬಗೆ, ಲ್ಯಾಜೆನಾಂಡ್ರಾ, ಕ್ರಿಪ್ಟೊಕೊರೈನ್‌ನ ಕೆಲವು. ಸಕಲೇಶಪುರದ ಕಡೆಯ ಹಳ್ಳದಲ್ಲಿ ಕಲ್ಲು ಕೆರೆದು ಪಾಚಿ ತಿನ್ನುವ ಗಾರಾ ಮೀನುಗಳನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಗಿಡ ಹೆಚ್ಚಿದ ಮೇಲೆ ಗೊಬ್ಬರ ಬೇಕು. ಇಲ್ಲಿ ನಮ್ಮ ರೈತರಿಗಿರುವ ಅನುಕೂಲವನ್ನು ಹವ್ಯಾಸಿಗಳು ಮರೆಯುತ್ತಾರೆ. ಹನಿ ನೀರಾವರಿಗೆ ಬಳಸುವ 13-0-45 ಎಂದರೆ ಪೊಟ್ಯಾಸಿಯಂ ನೈಟ್ರೇಟ್, 0-52-34 ಎಂದರೆ ಮಾನೊ ಪೊಟ್ಯಾಸಿಯಂ ಫಾಸ್ಫೇಟ್. ಎರಡೂ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತವೆ, ಒಂದು ಕಿಲೊ ತಂದರೆ ವರ್ಷಗಟ್ಟಲೆ ಬರುತ್ತದೆ. 100 ಲೀಟರ್ ನೀರಿಗೆ 1 ಗ್ರಾಂ 13-0-45 ಹಾಕಿದರೆ ನೈಟ್ರೇಟ್ ಲೀಟರಿಗೆ ಸುಮಾರು 6 ಮಿಲಿಗ್ರಾಂ ಏರುತ್ತದೆ. 0-52-34 ಆದರೆ 0.1 ಗ್ರಾಮಿಗೆ ಫಾಸ್ಫೇಟ್ 0.7 ಮಿಲಿಗ್ರಾಂ. ಆದರೆ 19-19-19 ಎಂಬ ಮಿಶ್ರಗೊಬ್ಬರ ಮಾತ್ರ ಕೈಯಲ್ಲಿ ಹಿಡಿಯಬೇಡಿ. ಅದರಲ್ಲಿ ಯೂರಿಯಾ ಮತ್ತು ಅಮೋನಿಯಂ ಇರುತ್ತವೆ. ಅಮೋನಿಯಾ ಮೀನಿಗೆ ವಿಷ, ಮತ್ತು ನೀರೇ ಹಸಿರು ಪಾನಕದಂತಾಗುವ ಬಗೆಯ ಪಾಚಿ ಏಳುವುದನ್ನು ನಾನು ನೋಡಿದ್ದು ಬಹುತೇಕ ಅಮೋನಿಯಾ ಮತ್ತು ಬಿಸಿಲು ಕೂಡಿದಾಗ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನನ್ನು ಅಲ್ಲಿಯವರೆಗೆ ತಡೆದಿಡುವುದೇ ಒಳ್ಳೆಯದು. ನೀಲಿ-ಹಸಿರು ಹಾಳೆ ಬಂದಿದ್ದರೆ ಅದನ್ನು ಪೈಪಿನಿಂದ ಹೀರಿ ತೆಗೆದು, ಮೂರು ನಾಲ್ಕು ದಿನ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿ, ಆಮೇಲೆ ನೀರಿನ ಓಡಾಟ ಹೆಚ್ಚಿಸಿ. ಪ್ರತಿಜೀವಕ ಮಾತ್ರೆ ಪುಡಿಮಾಡಿ ಹಾಕುವ ಅಭ್ಯಾಸ ನನಗೆ ಸುತರಾಂ ಒಪ್ಪಿಗೆಯಿಲ್ಲ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ನಮ್ಮ ಮನೆಯಲ್ಲೇ ಬೆಳೆಸಿದಂತಾಗುತ್ತದೆ.

ಇದ್ದ ಪಾಚಿಯನ್ನು ಕೈಯಿಂದಲೇ ತೆಗೆಯಬೇಕು. ಹಳೆಯ ಹಲ್ಲುಜ್ಜುವ ಬ್ರಷ್ ಅನ್ನು ಹಸಿರು ಕೂದಲಿನೊಳಗೆ ಇಳಿಸಿ ಒಂದೇ ದಿಕ್ಕಿಗೆ ತಿರುಗಿಸಿದರೆ ತಕಲಿಗೆ ನೂಲು ಸುತ್ತಿದ ಹಾಗೆ ಇಡೀ ಗುಂಗುರು ಸುತ್ತಿಕೊಂಡು ಬರುತ್ತದೆ. ಕಪ್ಪು ಕುಚ್ಚು ಹಾಗೆ ಬರುವುದಿಲ್ಲ. ಮರದ ತುಂಡನ್ನು ಹೊರಗೆ ತೆಗೆಸಿ, ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿಸಿದೆ. ಬಾಟಲಿಯ ಮೇಲೆ 6% ಎಂದಿದ್ದರೆ ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಬೇಕು. ಕುಂಚದಿಂದ ಹಚ್ಚಿದ ಕೂಡಲೇ ಕುಚ್ಚಿನ ಒಂದೊಂದು ಎಳೆಯಿಂದಲೂ ನೊರೆಗುಳ್ಳೆ ಏಳುತ್ತದೆ. ಐದು ನಿಮಿಷ ಬಿಟ್ಟು ತೊಳೆದು ಮರಳಿ ಇಟ್ಟ. ಎರಡು ದಿನಕ್ಕೆ ಕಪ್ಪೆಲ್ಲ ಹೋಗಿ ಬೀಟ್‌ರೂಟ್ ಬೇಯಿಸಿದ ನೀರಿನ ಬಣ್ಣ. ‘ದೊಡ್ಡಪ್ಪಾ, ಪಿಂಕ್ ಆಗ್ಬಿಟ್ಟಿದೆ!’ ಎಂದು ಗಾಬರಿಯಾಗಿ ಫೋನ್ ಮಾಡಿದ. ಹಸಿರು ಕರಗಿ ಒಳಗಿನ ಕೆಂಪು ಬಣ್ಣ ಹೊರಬಂದಿತ್ತು. ಕೆಂಪು ಪಾಚಿಯ ಕುಲ ಕಣ್ಣಿಗೆ ಕಾಣುವುದು ಅದು ಸಾಯುವಾಗಲೇ.

ಸತ್ತ ಆ ಗುಲಾಬಿ ಕುಚ್ಚನ್ನು ಸೀಗಡಿಗಳು ಇಷ್ಟಪಟ್ಟು ತಿನ್ನುತ್ತವೆ. ಪಾಚಿ ತಿನ್ನುವ ಸೀಗಡಿಯನ್ನು 1980ರ ದಶಕದಲ್ಲಿ ಜಪಾನಿನ ತಕಾಶಿ ಅಮಾನೊ (1954–2015) ತಮ್ಮ ತೊಟ್ಟಿಗಳಲ್ಲಿ ಬಳಸಿ ಪ್ರಸಿದ್ಧ ಮಾಡಿದರು. ಅದಕ್ಕೀಗ ಅವರದೇ ಹೆಸರು. ಅದರ ಮರಿಗಳಿಗೆ ಉಪ್ಪುನೀರು ಬೇಕು, ಮನೆಯ ತೊಟ್ಟಿಯಲ್ಲಿ ಸಂಸಾರ ಬೆಳೆಯದು. ನಮ್ಮಲ್ಲಿ ಸುಲಭಕ್ಕೆ ಸಿಗುವ ಚೆರ್ರಿ ಸೀಗಡಿ ಸಿಹಿನೀರಿನಲ್ಲೇ ಮರಿ ಮಾಡುತ್ತದೆ, ಹತ್ತು ತಂದರೆ ಸಾಕು. ಆದರೆ ‘ಗಾಜು ಕ್ಲೀನ್ ಮಾಡುತ್ತೆ’ ಎಂದು ಅಂಗಡಿಯಲ್ಲಿ ಕೊಡುವ ಎರಡಿಂಚಿನ ಸಕ್ಕರ್ ಮೀನು ಬೇಡ. ಅದು ಒಂದಡಿ ದಾಟಿ ಬೆಳೆಯುತ್ತದೆ, ಗಿಡ ಕೀಳುತ್ತದೆ, ಬುಟ್ಟಿಗಟ್ಟಲೆ ಹೊಲಸು ಮಾಡುತ್ತದೆ. ಸಾಕಲಾಗದೆ ಜನ ಕೆರೆಗೆ ಬಿಟ್ಟು ಬಿಟ್ಟು, ದಕ್ಷಿಣ ಅಮೆರಿಕದ ಈ ಮೀನು ದೇಶದ ಎಷ್ಟೋ ಕೆರೆ-ನದಿಗಳಲ್ಲಿ ಬೀಡುಬಿಟ್ಟಿದೆ. ನಮ್ಮ ಮೀನುಗಾರರ ಬಲೆ ಹರಿಯುವುದು ಅದರ ಮುಳ್ಳಿಗೆ.

ಮೊದಲ ಎರಡು ವಾರ ಹುಡುಗನಿಗೆ ಬೇಸರವೇ. ಬೆಳಕು ಕಡಿಮೆ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸುವ ಕೆಲಸ ಬೇರೆ. ಊಟ ಹಾಕುವ ಹೊಣೆ ಅಮ್ಮ ಒಬ್ಬರಿಗೇ ಬಂತು. ಗಾಜಿನ ಚುಕ್ಕಿ ಮತ್ತೆ ಬಂತು, ಕೆರೆದ, ಮತ್ತೆ ಬಂತು. ಗೋಲಿ ಇನ್ನೂ ದಿಬ್ಬ ಹತ್ತುತ್ತಿತ್ತು. ಬಹಳ ಜನ ಕೈಬಿಡುವುದು ಇದೇ ಹೊತ್ತಿನಲ್ಲಿ, ಬಾಟಲಿ ತರಲು ಓಡುವುದೂ ಈಗಲೇ. ಮೂರನೆಯ ವಾರ ಹಾರ್ನ್‌ವರ್ಟ್ ನೀರಿನ ಮೇಲ್ಮೈ ಮುಟ್ಟಿತು, ಅಂತರಗಂಗೆ ಮೂರು ಇದ್ದದ್ದು ಹನ್ನೊಂದಾಯಿತು. ಆ ವಾರ ಗಾಜು ಕೆರೆಯಲಿಲ್ಲ ಎಂಬುದನ್ನು ಅವನು ನಾನು ಕೇಳಿದಾಗಲೇ ನೆನಪಿಸಿಕೊಂಡದ್ದು.

ಆರನೆಯ ವಾರ ಬಂದ ಫೋಟೊದಲ್ಲಿ ಅನುಬಿಯಾಸ್ ಮಾತ್ರ ಇತ್ತು, ಹತ್ತಿರದಿಂದ ತೆಗೆದದ್ದು. ಹಳೆಯ ಐದು ಎಲೆಗಳ ಅಂಚಿನಲ್ಲಿ ಕಪ್ಪು ಕಲೆ ಇನ್ನೂ ಇತ್ತು. ನಡುವೆ ಸುರುಳಿ ಬಿಚ್ಚುತ್ತಿರುವ ಒಂದು ಎಳೆಯ ಎಲೆ, ಕಲೆಯಿಲ್ಲದ್ದು. ‘ಹಳೇದನ್ನೆಲ್ಲ ಕತ್ತರಿಸಿಬಿಡ್ಲಾ?’ ಎಂದು ಕೇಳಿದ್ದ. ಈಗಲೇ ಬೇಡ, ಇನ್ನೆರಡು ಹೊಸ ಎಲೆ ಬರಲಿ, ಆಮೇಲೆ ವಾರಕ್ಕೊಂದರಂತೆ ಬುಡಕ್ಕೆ ಕತ್ತರಿಸು ಎಂದೆ.